ಪಾಟಿಯ ಲೆಕ್ಕ, ತೋಪಿನ ಲೆಕ್ಕ

ಸೆಪ್ಟೆಂಬರ್ ತಿಂಗಳ ಮೊದಲ ದಿನಗಳು ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಎರಡು ಸಂಭ್ರಮಗಳನ್ನು ಜೊತೆಜೊತೆಯಾಗಿ ತರುತ್ತವೆ. 5ರಂದು ಶಿಕ್ಷಕರ ದಿನಾಚರಣೆ. 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಹೊಸ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಗೆ ತಂದು, ಕುಟುಂಬದವರೆಲ್ಲ ಕೂಡಿ ಉಣ್ಣುವ ಮೊಂತಿ ಹಬ್ಬ. ಸಂತ ಲೂಕರ ಶುಭಸಂದೇಶವನ್ನು ಓದುವ ವರ್ಷಗಳಲ್ಲಿ ಇದೇ ದಿನಗಳ ಭಾನುವಾರದ ಬಲಿಪೂಜೆಯಲ್ಲಿ ಯೇಸುಸ್ವಾಮಿ ಹೇಳಿದ ಎರಡು ಚಿಕ್ಕ ಸಾಮತಿಗಳನ್ನು ನಾವು ಕೇಳುತ್ತೇವೆ. ಒಂದರಲ್ಲಿ ಗೋಪುರ ಕಟ್ಟಬೇಕೆಂದು ಹೊರಟ ಮನುಷ್ಯನೊಬ್ಬ ಮೊದಲು ಕುಳಿತು ಖರ್ಚನ್ನು ಎಣಿಸುತ್ತಾನೆ. ಇನ್ನೊಂದರಲ್ಲಿ ಯುದ್ಧಕ್ಕೆ ಹೊರಟ ಅರಸನೊಬ್ಬ ಮೊದಲು ಕುಳಿತು ತನ್ನ ಸೈನ್ಯ ಸಾಕೇ ಎಂದು ಯೋಚಿಸುತ್ತಾನೆ. ಸಾಲದು ಎಂದಾದರೆ ಸಂಧಾನಕ್ಕೆ ದೂತರನ್ನು ಕಳುಹಿಸುತ್ತಾನೆ.

ಪ್ರಭು ಈ ಮಾತುಗಳನ್ನು ಹೇಳಿದ್ದು ತಮ್ಮನ್ನು ಹಿಂಬಾಲಿಸುವವರು ತೆರಬೇಕಾದ ಬೆಲೆಯನ್ನು ತಿಳಿಸುವುದಕ್ಕಾಗಿ. ಆದರೂ ಆ ಎರಡು ಸಾಮತಿಗಳು ಪಕ್ಕಪಕ್ಕದಲ್ಲೇ ಇರುವುದು ನಮ್ಮನ್ನು ಬೇರೊಂದು ವಿಚಾರಕ್ಕೂ ಎಳೆಯುತ್ತದೆ. ಕಟ್ಟುವವನೂ ಲೆಕ್ಕ ಹಾಕಬೇಕು, ಕಾದುವವನೂ ಲೆಕ್ಕ ಹಾಕಬೇಕು. ಒಂದೇ ಮನೆಯಲ್ಲಿ, ಒಂದೇ ದೇಶದಲ್ಲಿ ಈ ಎರಡೂ ಕೆಲಸಗಳಿಗೆ ಹಣ ಹೊಂದಿಸಬೇಕಾದಾಗ ಏನು ಮಾಡಬೇಕು?

ಈ ಪ್ರಶ್ನೆ ಪುಸ್ತಕದ್ದಲ್ಲ. ಪ್ರತಿ ವರ್ಷ ಬಜೆಟ್ ಮಂಡನೆಯಾದ ಮರುದಿನ ಭಟ್ಕಳ, ಹೊನ್ನಾವರ, ಕುಮಟಾದ ಯಾವ ಊರಿನಲ್ಲಿ ಕಿವಿಗೊಟ್ಟರೂ ಇದೇ ಮಾತು ಕೇಳಿಬರುತ್ತದೆ. "ಯುದ್ಧವಿಮಾನಕ್ಕೆ ಹಣ ಇದೆ, ನಮ್ಮ ಕನ್ನಡ ಶಾಲೆಗೆ ಒಬ್ಬ ಮಾಸ್ತರರನ್ನು ಕೊಡಲಿಕ್ಕೆ ಹಣ ಇಲ್ಲ." ಮುರ್ಡೇಶ್ವರದ ನೆರೆಯ ಕಾಯ್ಕಿಣಿಯನ್ನೇ ತೆಗೆದುಕೊಳ್ಳೋಣ. ಈ ಹೆಸರು ಹೊರಗಿನ ಕನ್ನಡಿಗರಿಗೆ ಊರಾಗಿ ಅಲ್ಲ, ಮನೆತನವಾಗಿ ಪರಿಚಿತ. ಗೋಕರ್ಣದಲ್ಲಿ ಶಾಲಾ ಮಾಸ್ತರರಾಗಿದ್ದುಕೊಂಡೇ ಕನ್ನಡಕ್ಕೆ ಜಗತ್ತಿನ ವಿಚಾರಗಳನ್ನು ತಂದ ಗೌರೀಶ ಕಾಯ್ಕಿಣಿಯವರು (1912–2002) ಆ ಹೆಸರನ್ನು ಎಲ್ಲ ಕಡೆಗೂ ಮುಟ್ಟಿಸಿದರು. ಇಂಥ ಸಣ್ಣ ಊರುಗಳಿಂದ ಓದಿ ಹೊರಟವರು ಮುಂಬಯಿಯವರೆಗೆ ಹೋಗಿ ಹೆಸರು ಮಾಡಿದರು. ಶಾಲೆಯೇ ಈ ಕರಾವಳಿಯ ನಿಜವಾದ ಬಂದರು ಎಂದರೆ ತಪ್ಪಾಗದು. ಆದ್ದರಿಂದಲೇ ಶಾಲೆಯ ಅನ್ನಕ್ಕೆ ಕೈ ಹಾಕಿದಾಗ ಇಲ್ಲಿಯವರಿಗೆ ಸಿಟ್ಟು ಬರುತ್ತದೆ.

ಆ ಸಿಟ್ಟು ನ್ಯಾಯವೇ? ನ್ಯಾಯವಾದರೆ ಅದನ್ನು ಯಾರ ಮುಂದೆ, ಹೇಗೆ ಇಡಬೇಕು? ನೂರು ವರ್ಷಗಳಿಗೂ ಹಿಂದೆ ಇದೇ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳಿದವರೊಬ್ಬರಿದ್ದರು. ಅಲ್ಲಿಂದಲೇ ಆರಂಭಿಸೋಣ.

ಕಲ್ಕತ್ತೆಯಲ್ಲಿ ಕೇಳಿದ ಪ್ರಶ್ನೆ

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. 1956ರ ನವೆಂಬರ್ 1ರವರೆಗೂ ನಮ್ಮ ಸರಕಾರ ಮುಂಬಯಿಯದೇ. ಹೀಗಾಗಿ 1902ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಮುಂಬಯಿಯ ಪ್ರತಿನಿಧಿಯಾಗಿ ವೈಸರಾಯರ ಶಾಸನ ಸಭೆಗೆ ಹೋದಾಗ ಅವರು ನಮ್ಮ ಹಿರಿಯರ ಪ್ರತಿನಿಧಿಯೂ ಆಗಿದ್ದರು. ಆಗ ರಾಜಧಾನಿ ಕಲ್ಕತ್ತೆ.

ಆ ವರ್ಷದ ಮಾರ್ಚ್ 26ರಂದು ಅವರು ಬಜೆಟ್ಟಿನ ಮೇಲೆ ಮಾಡಿದ ಮೊದಲ ಭಾಷಣ ದೊರೆಗಳನ್ನು ಬೆಚ್ಚಿಬೀಳಿಸಿತು. ಸರಕಾರ ತನ್ನ ಬೊಕ್ಕಸದಲ್ಲಿ ಹಣ ಮಿಕ್ಕಿದೆಯೆಂದು ಹೆಮ್ಮೆಪಡುತ್ತಿತ್ತು. ಗೋಖಲೆಯವರು ಒಂದು ಬೈಗುಳವನ್ನೂ ಆಡದೆ, ಸರಕಾರದ್ದೇ ಅಂಕಿಗಳನ್ನು ಹಿಡಿದು, ಆ ಹಣ ಮಿಕ್ಕಿದ್ದು ಜನ ಸುಖವಾಗಿದ್ದುದರಿಂದಲ್ಲ, ಬರಗಾಲದಲ್ಲೂ ಬಡವರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಎತ್ತಿದ್ದರಿಂದ ಎಂದು ತೋರಿಸಿದರು. ಅದರಲ್ಲಿ ಉಪ್ಪಿನ ತೆರಿಗೆಯೂ ಇತ್ತು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡ ಕುಮಟಾದವರಿಗೆ ಇದನ್ನು ವಿವರಿಸಬೇಕಿಲ್ಲ. ಸಮುದ್ರ ಎದುರಿಗೇ ಇದ್ದರೂ ಗಂಜಿಗೆ ಹಾಕುವ ಉಪ್ಪಿಗೆ ಸರಕಾರಕ್ಕೆ ಸುಂಕ ತೆರಬೇಕಿತ್ತು.

ಆ ಹಣ ಎಲ್ಲಿಗೆ ಹೋಗುತ್ತಿತ್ತು? ದೊಡ್ಡ ಪಾಲು ಸೈನ್ಯಕ್ಕೆ. ಆ ಸೈನ್ಯವೂ ಬರೀ ಭಾರತದ ಗಡಿ ಕಾಯಲಿಕ್ಕೆ ಇರಲಿಲ್ಲ. 1900ರಲ್ಲಿ ಭಾರತದ ಪಡೆಗಳು ಚೀನಕ್ಕೆ ಹೋದವು, 1903–04ರಲ್ಲಿ ಟಿಬೆಟ್ಟಿಗೆ. 1902ರ ಕೊನೆಯಲ್ಲಿ ದಂಡನಾಯಕರಾಗಿ ಬಂದ ಲಾರ್ಡ್ ಕಿಚನರ್ ಸೈನ್ಯವನ್ನು ಹೊಸದಾಗಿ ಕಟ್ಟುವ ದುಬಾರಿ ಯೋಜನೆ ಹಾಕಿದರು. ವರ್ಷ ವರ್ಷವೂ ಗೋಖಲೆಯವರು ಎದ್ದು ನಿಂತು ಸೈನ್ಯದ ಖರ್ಚು ಎಷ್ಟು ಏರಿತು, ಮಕ್ಕಳ ಶಾಲೆಗೆ ಎಷ್ಟು ಸಿಕ್ಕಿತು ಎಂಬ ಎರಡು ಅಂಕಿಗಳನ್ನು ಎದುರುಬದುರು ಇಟ್ಟರು. 1911ರ ಜನಗಣತಿಯ ಹೊತ್ತಿಗೂ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಆರು ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರು.

ಉಪ್ಪಿನ ಸುಂಕದ ವಿಷಯದಲ್ಲಿ ಅವರ ಮಾತಿಗೆ ಸ್ವಲ್ಪ ಫಲ ಸಿಕ್ಕಿತು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಸುಂಕ 1903ರಿಂದ 1907ರೊಳಗೆ ಮೂರು ಸಲ ಇಳಿದು ಒಂದು ರೂಪಾಯಿಗೆ ಬಂತು. ಶಾಲೆಯ ವಿಷಯದಲ್ಲಿ ಸಿಗಲಿಲ್ಲ.

1911ರ ಮಾರ್ಚ್ 16ರಂದು ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದರಲ್ಲಿ ಅತಿರೇಕವೇನೂ ಇರಲಿಲ್ಲ. ಇಷ್ಟಪಟ್ಟ ಪುರಸಭೆಗಳೂ ಸ್ಥಳೀಯ ಬೋರ್ಡುಗಳೂ ಸರಕಾರದ ಒಪ್ಪಿಗೆ ಪಡೆದು ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಬಹುದು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯದ ತಂದೆತಾಯಿ ಫೀ ಕೊಡಬೇಕಿಲ್ಲ. ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸರಕಾರ ಹೊರಬೇಕು. ಇಷ್ಟೇ. ಬಡೋದೆಯ ಸಯಾಜಿರಾವ್ ಮಹಾರಾಜರು 1906ರಲ್ಲೇ ತಮ್ಮ ರಾಜ್ಯದ ಉದ್ದಗಲಕ್ಕೂ ಕಡ್ಡಾಯ ಶಿಕ್ಷಣ ತಂದಿದ್ದರು. ದೇಶದ ಒಬ್ಬ ರಾಜನಿಗೆ ಆದದ್ದು ಇಡೀ ಸಾಮ್ರಾಜ್ಯಕ್ಕೆ ಏಕಾಗದು ಎಂದು ಗೋಖಲೆಯವರು ಕೇಳಿದರು.

1912ರ ಮಾರ್ಚಿನಲ್ಲಿ ಮಸೂದೆ ಮತಕ್ಕೆ ಬಂತು. ಪರವಾಗಿ 13, ವಿರೋಧವಾಗಿ 38. ಹಣದ ಹೊರೆ, ಜನರ ಇಷ್ಟವಿಲ್ಲ, ಕಾಲ ಪಕ್ವವಾಗಿಲ್ಲ ಮುಂತಾದ ಕಾರಣಗಳನ್ನು ಸರಕಾರ ಕೊಟ್ಟಿತು. ವಿರೋಧಿಸಿದವರಲ್ಲಿ ನಮ್ಮ ದೇಶದ ಜಮೀನುದಾರರೂ ಇದ್ದರು ಎಂಬುದನ್ನು ಮರೆಯಬಾರದು. ಗೇಣಿದಾರನ ಮಗ ಪಾಟಿ ಹಿಡಿದರೆ ದನ ಕಾಯುವವರು ಯಾರು ಎಂಬ ಚಿಂತೆ ಬ್ರಿಟಿಷರದ್ದಷ್ಟೇ ಆಗಿರಲಿಲ್ಲ. ತಮ್ಮ ತಲೆಮಾರು ಸೋಲುಗಳ ಮೂಲಕವೇ ದೇಶಸೇವೆ ಮಾಡಬೇಕಾಗಿದೆ ಎಂದು ತಿಳಿದೇ ಗೋಖಲೆಯವರು ಆ ಸೋಲನ್ನು ಸ್ವೀಕರಿಸಿದರು. ಮೂರು ವರ್ಷಗಳಲ್ಲಿ, 1915ರಲ್ಲಿ, ತೀರಿಕೊಂಡರು.

ಎರಡು ಬೇರೆ ಬೇರೆ ಪೆಟ್ಟಿಗೆ

ಮೊದಲ ಮಹಾಯುದ್ಧ ಬಂತು. ಶಾಲೆಗೆ ಹಣವಿಲ್ಲ ಎಂದ ಸರಕಾರವೇ 1917ರಲ್ಲಿ ಭಾರತದ ಹೆಸರಿನಲ್ಲಿ ಬ್ರಿಟನ್ನಿಗೆ ಯುದ್ಧದ ಕಾಣಿಕೆಯಾಗಿ 10 ಕೋಟಿ ಪೌಂಡು ಒಪ್ಪಿಸಿತು. ಮರುವರ್ಷ ಮುಂಬಯಿ ಶಾಸನ ಸಭೆಯಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಪುರಸಭೆಗಳು ಬೇಕಾದರೆ ಕಡ್ಡಾಯ ಶಿಕ್ಷಣ ತರಬಹುದೆಂಬ ಕಾಯಿದೆ ಆಯಿತು. ಗೋಖಲೆಯವರ ಬೀಜ ಅಲ್ಲಿ ಸಣ್ಣದಾಗಿ ಮೊಳೆಯಿತು.

ಆದರೆ ಇತಿಹಾಸದಲ್ಲಿ ನಾವು ಹೆಚ್ಚು ಗಮನಿಸದೆ ದಾಟಿಹೋಗುವ ಘಟನೆಯೊಂದು ನಡೆದದ್ದು 1921ರಲ್ಲಿ. ಆ ವರ್ಷ ಜಾರಿಗೆ ಬಂದ ಹೊಸ ಆಡಳಿತ ವ್ಯವಸ್ಥೆಯಲ್ಲಿ ಶಿಕ್ಷಣವನ್ನು ಪ್ರಾಂತಗಳ ಭಾರತೀಯ ಮಂತ್ರಿಗಳಿಗೆ ಬಿಟ್ಟುಕೊಟ್ಟರು. ಸೈನ್ಯವನ್ನು ದಿಲ್ಲಿಯಲ್ಲಿ, ಚುನಾಯಿತರ ಮತಕ್ಕೆ ಸಿಗದಂತೆ, ಭದ್ರವಾಗಿ ಇಟ್ಟುಕೊಂಡರು. ಹಣಕಾಸಿನ ಬೀಗದ ಕೈಯನ್ನೂ ಪ್ರಾಂತದ ಮಂತ್ರಿಗಳಿಗೆ ಕೊಡಲಿಲ್ಲ. ಹೊಸ ಮಂತ್ರಿ ಶಾಲೆ ತೆರೆಯುವ ಜವಾಬ್ದಾರಿ ಹೊತ್ತ. ಅವನ ಕೈಯಲ್ಲಿ ಕಾಸಿರಲಿಲ್ಲ. ಅಂದಿನಿಂದ ತೋಪಿನ ಲೆಕ್ಕವೂ ಪಾಟಿಯ ಲೆಕ್ಕವೂ ಎರಡು ಬೇರೆ ಪೆಟ್ಟಿಗೆಗಳಿಗೆ ಹೋದವು. ಗೋಖಲೆಯವರಂತೆ ಒಂದೇ ಸಭೆಯಲ್ಲಿ ಎದ್ದುನಿಂತು ಎರಡನ್ನೂ ಎದುರುಬದುರು ಇಡುವ ಅವಕಾಶ ಮಸುಕಾಯಿತು.

ಸ್ವಾತಂತ್ರ್ಯದ ನಂತರವೂ ಸಂವಿಧಾನದಲ್ಲಿ ರಕ್ಷಣೆ ಕೇಂದ್ರದ್ದಾಯಿತು, ಶಿಕ್ಷಣ ರಾಜ್ಯಗಳದ್ದಾಯಿತು. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಇಬ್ಬರಿಗೂ ಸೇರಿದ ಪಟ್ಟಿಗೆ ತಂದಿತಾದರೂ ಖರ್ಚಿನ ದೊಡ್ಡ ಪಾಲು ಇಂದಿಗೂ ರಾಜ್ಯದ ಹೆಗಲ ಮೇಲೆಯೇ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಅಂಕೋಲೆಯ ಉತ್ತರ

ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಮುಂದೆ ನಮ್ಮ ಜಿಲ್ಲೆಯ ತರುಣನೊಬ್ಬ ಸೇರಿದ. ಅಂಕೋಲಾ ತಾಲೂಕಿನ ದಿನಕರ ದೇಸಾಯಿ (1909–1982). ಕನ್ನಡಿಗರು ಅವರನ್ನು ಚುಟುಕಗಳಿಗಾಗಿ ನೆನೆಯುತ್ತಾರೆ. ಅವರು ಇತಿಹಾಸದ ವಿದ್ಯಾರ್ಥಿಯೂ ಹೌದು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರ ಕುರಿತು ಅವರು ಬರೆದ ಗ್ರಂಥವನ್ನು ಪ್ರಕಟಿಸಿದ್ದು ಯೇಸುಸಭೆಯ ಫಾದರ್ ಹೆನ್ರಿ ಹೆರಾಸರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸ್ಥಾಪಿಸಿದ ಇತಿಹಾಸ ಸಂಶೋಧನಾ ಸಂಸ್ಥೆ ಎಂಬುದು ನಮಗೆ ಸಂತೋಷದ ವಿಷಯ.

1938ರಲ್ಲಿ ದೇಸಾಯಿಯವರು ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಊರಿಗೆ ಬಂದು ಗೇಣಿದಾರರ ಪರ ನಿಂತದ್ದಕ್ಕಾಗಿ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಲಾಯಿತು. ಮರಳಿ ಬಂದ ಮೇಲೆ ಅವರು ಬರೀ ಹಕ್ಕೊತ್ತಾಯಕ್ಕೆ ನಿಲ್ಲಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಮುಲ್ಕಿ ಪರೀಕ್ಷೆಯೇ ಓದಿನ ಕೊನೆಯಾಗಿದ್ದ ಹಳ್ಳಿಗಳ ಮಕ್ಕಳಿಗಾಗಿ ಹೈಸ್ಕೂಲುಗಳನ್ನು ತೆರೆದರು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದಾಗ, ಅಂಕೋಲೆಯಲ್ಲಿ ಕಾಲೇಜೊಂದನ್ನು ಆರಂಭಿಸಿ ಅದಕ್ಕೆ ಗೋಖಲೆ ಸೆಂಟಿನರಿ ಕಾಲೇಜು ಎಂದು ಹೆಸರಿಟ್ಟರು. ಇಂದು ಆ ಹೆಸರನ್ನು ಬಸ್ಸಿನ ಕಿಟಕಿಯಿಂದ ಓದಿಕೊಂಡು ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು, ಅದು 38 ಮತಗಳ ಎದುರು ಸೋತ ಒಂದು ಮಸೂದೆಗೆ ಈ ಜಿಲ್ಲೆ ಕೊಟ್ಟ ಉತ್ತರವೆಂದು?

ನಮ್ಮ ಧರ್ಮಕೇಂದ್ರಗಳ ಶಾಲೆಗಳೂ ಇದೇ ಬಗೆಯ ಉತ್ತರಗಳೇ. ಗುರುಗಳೂ ಕನ್ಯಾಸ್ತ್ರೀಯರೂ ಸರಕಾರ ಬರುವವರೆಗೆ ಕಾಯದೆ, ದೇವಾಲಯದ ಪಕ್ಕದಲ್ಲೇ ಒಂದು ಮಾಡು ಕಟ್ಟಿ, ಎಲ್ಲ ಜಾತಿ ಮತಗಳ ಮಕ್ಕಳನ್ನು ಒಂದೇ ಮಣೆಯ ಮೇಲೆ ಕೂರಿಸಿದರು.

ಯುದ್ಧದ ವರ್ಷಗಳಲ್ಲಿ ಎರಡು ಕರೆ

1962ರ ಚೀನದ ದಾಳಿ ದೇಶವನ್ನು ನಡುಗಿಸಿತು. ಹೆಂಗಸರು ಮೈಮೇಲಿನ ಬಂಗಾರವನ್ನು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. 1963–64ರ ಬಜೆಟ್ಟಿನಲ್ಲಿ ರಕ್ಷಣೆಗೆ ತೆಗೆದಿಟ್ಟ ಹಣ ಹಿಂದಿನ ವರ್ಷ ಮೊದಲು ಗೊತ್ತುಮಾಡಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಯಿತು. ಆಗ ಯಾರೂ ದೂರಲಿಲ್ಲ, ದೂರುವ ಸಮಯವೂ ಅದಾಗಿರಲಿಲ್ಲ. ಮನೆಗೆ ಕಳ್ಳ ನುಗ್ಗಿದಾಗ ಮೊದಲು ಬಾಗಿಲನ್ನು ಭದ್ರಪಡಿಸಬೇಕು.

ಅದಾಗಿ ಎರಡು ವರ್ಷಕ್ಕೆ, 1964ರ ಡಿಸೆಂಬರಿನಲ್ಲಿ, ಜಗದ್ಗುರು ಆರನೆಯ ಪೌಲರು ಪರಮಪ್ರಸಾದದ ಅಂತರರಾಷ್ಟ್ರೀಯ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದರು. ಪೋಪರೊಬ್ಬರು ಭಾರತದ ನೆಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿಂದ ಅವರು ಜಗತ್ತಿನ ಎಲ್ಲ ದೇಶಗಳಿಗೂ ಒಂದು ಕರೆ ಕೊಟ್ಟರು: ಶಸ್ತ್ರಾಸ್ತ್ರಗಳ ಪೈಪೋಟಿ ಸಾಕು, ಅದಕ್ಕೆ ಸುರಿಯುವ ಹಣದ ಒಂದು ಪಾಲನ್ನಾದರೂ ಬಡ ದೇಶಗಳ ಏಳಿಗೆಗಾಗಿ ಒಂದು ಮಹಾನಿಧಿಯಾಗಿ ಕೂಡಿಸಿರಿ. 1967ರಲ್ಲಿ ಜನಾಂಗಗಳ ಅಭಿವೃದ್ಧಿಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಮುಂಬಯಿಯ ಆ ಕರೆಯನ್ನು ಅವರು ಮತ್ತೆ ನೆನಪಿಸಿದರು. ಈ ನಡುವೆ 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ದೇಶವೊಂದಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದು ಒಪ್ಪುತ್ತಲೇ, ಶಸ್ತ್ರಗಳ ಪೈಪೋಟಿಯ ಪೆಟ್ಟು ಬಡವರಿಗೆ ತಗಲುತ್ತದೆ ಎಂದು ಎಚ್ಚರಿಸಿತು. ಧರ್ಮಸಭೆಯ ಬೋಧನೆಯಲ್ಲಿ ಈ ಎರಡೂ ಮಾತುಗಳು ಜೊತೆಗೇ ಇವೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಮುಂಬಯಿಯ ಆ ಕರೆ ಕೇಳಿಬಂದ ದಿನಗಳಲ್ಲೇ ಡಾ. ದೌಲತ್ ಸಿಂಗ್ ಕೊಠಾರಿಯವರ ನೇತೃತ್ವದ ಶಿಕ್ಷಣ ಆಯೋಗ ದೇಶವನ್ನು ಸುತ್ತುತ್ತಿತ್ತು. ಅದರ ಕಾರ್ಯದರ್ಶಿ ಜೆ. ಪಿ. ನಾಯಕರು ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿದ್ದು ಹಳ್ಳಿಯ ಕೆಲಸ ಮಾಡಿದವರು. ಬೋರ್ಡ್ ಶಾಲೆಯ ಬಡತನವನ್ನು ಕಣ್ಣಾರೆ ಕಂಡವರು. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರು ರೂಪಾಯಿಯನ್ನು ಶಿಕ್ಷಣಕ್ಕೆ ಕೊಡುವ ಮಟ್ಟಕ್ಕೆ 20 ವರ್ಷಗಳಲ್ಲಿ ದೇಶ ಏರಬೇಕು ಎಂದು 1966ರಲ್ಲಿ ಆಯೋಗ ವರದಿ ಕೊಟ್ಟಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಒಪ್ಪಿತು. 1986ರ ನೀತಿ ಮತ್ತೆ ಒಪ್ಪಿತು. 2020ರ ನೀತಿ ಮತ್ತೊಮ್ಮೆ ಒಪ್ಪಿತು. ದೇಶ ಆರನ್ನು ಒಮ್ಮೆಯೂ ಮುಟ್ಟಿಲ್ಲ.

ಒಂದೇ ವರ್ಷದ ಎರಡು ಅಡಿಗಲ್ಲು

1986ನೇ ಇಸವಿ ನಮ್ಮ ಜಿಲ್ಲೆಯ ಇತಿಹಾಸದಲ್ಲಿ ವಿಚಿತ್ರವಾದದ್ದು. ಆ ವರ್ಷ ಪ್ರಧಾನಿ ರಾಜೀವ್ ಗಾಂಧಿಯವರ ಸರಕಾರ ಹೊಸ ಶಿಕ್ಷಣ ನೀತಿಯನ್ನು ಸಂಸತ್ತಿನ ಮುಂದಿಟ್ಟಿತು. ಅದೇ ವರ್ಷದ ಅಕ್ಟೋಬರ್ 24ರಂದು ಅವರೇ ಕಾರವಾರಕ್ಕೆ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು.

ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಅರ್ಗಾ, ಬಿಣಗಾ, ಚೆಂಡಿಯಾ ಸುತ್ತಲಿನ ಹದಿಮೂರು ಊರುಗಳ ಸುಮಾರು 11 ಸಾವಿರ ಎಕರೆ ಹೋಯಿತು. 4 ಸಾವಿರದಷ್ಟು ಕುಟುಂಬಗಳು ಎದ್ದು ತೋಡೂರು, ಮುದಗಾ ಮುಂತಾದ ಕಡೆಯ ಪುನರ್ವಸತಿ ಕೇಂದ್ರಗಳಿಗೆ ಹೋದವು. ಮೀನುಗಾರರಿಗೆ ಕಡಲು ದೂರವಾಯಿತು; ಗದ್ದೆಯವರಿಗೆ ಗದ್ದೆ ಹೋಯಿತು. ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ದಶಕಗಳೇ ಹಿಡಿದವು. 1991ರ ಹಣಕಾಸಿನ ಮುಗ್ಗಟ್ಟಿನಲ್ಲಿ ಯೋಜನೆಯೂ ಕುಂಟಿತು. ಕೊನೆಗೆ 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕೆಲಸ ಆರಂಭಿಸಿತು.

ಚೆಂಡಿಯಾ ಎಂದಾಗ ಇನ್ನೊಂದು ಹೆಸರು ನೆನಪಾಗಬೇಕು. 1948ರಲ್ಲಿ ಕಾಶ್ಮೀರದ ನೌಶೇರಾ–ರಾಜೌರಿ ದಾರಿಯಲ್ಲಿ ಶತ್ರುಗಳ ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು ಸೈನ್ಯಕ್ಕೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಮನೆತನ ಆ ಊರಿನದು. ತಂದೆ ಪೊಲೀಸ್ ಪೇದೆ. ವರ್ಗವಾದಲ್ಲೆಲ್ಲ ಹೋಗಿ, ಜಿಲ್ಲೆಯ ಸಾಮಾನ್ಯ ಶಾಲೆಗಳಲ್ಲಿ ಓದಿದ ಹುಡುಗ ಅವರು. ದೇಶದ ರಕ್ಷಣೆ ಎಲ್ಲಿ ಆರಂಭವಾಗುತ್ತದೆ ಎಂದು ಕೇಳಿದರೆ, ಅಂಥ ಒಂದು ಶಾಲೆಯ ಮಣೆಯ ಮೇಲೆ ಎನ್ನದೆ ಬೇರೆ ಏನು ಹೇಳೋಣ? ಹಡಗಿನ ಇಂಜಿನ್ನನ್ನು ಬಿಚ್ಚಿ ಜೋಡಿಸುವವನಿಗೆ ಮೊದಲು ಮಗ್ಗಿ ಬರಬೇಕು.

ಈ ಕರಾವಳಿ ದೇಶದ ರಕ್ಷಣೆಗೆ ಮಕ್ಕಳನ್ನೂ ಕೊಟ್ಟಿದೆ, ಮಣ್ಣನ್ನೂ ಕೊಟ್ಟಿದೆ. ಇಂಥವರು ಶಾಲೆಯ ಲೆಕ್ಕ ಕೇಳಿದರೆ ಅದು ದೇಶಭಕ್ತಿಯ ಕೊರತೆಯಲ್ಲ.

ಸದ್ದಿಲ್ಲದ ಕಡಿತ

ಶಿಕ್ಷಣದ ಹಣ ಕಡಿತವಾಗುವುದು ಘೋಷಣೆಯಿಂದಲ್ಲ. ಒಬ್ಬ ಮಾಸ್ತರರು ನಿವೃತ್ತರಾಗುತ್ತಾರೆ, ಆ ಜಾಗ ಖಾಲಿ ಉಳಿಯುತ್ತದೆ. ಅತಿಥಿ ಶಿಕ್ಷಕಿಯೊಬ್ಬರು ಬರುತ್ತಾರೆ; ಜೂನ್ ಕಳೆದ ಮೇಲೆ ನೇಮಕ, ಮಾರ್ಚಿಗೆ ವಿದಾಯ. ಅನುದಾನಿತ ಶಾಲೆಗಳಲ್ಲಿ ತೆರವಾದ ಹುದ್ದೆ ತುಂಬಲು ಅನುಮತಿ ವರ್ಷಗಟ್ಟಲೆ ಬರುವುದಿಲ್ಲ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ಅರ್ಜಿ ಹಿಡಿದು ಕಾಯುತ್ತ ಬಂದಿವೆ. ಧರ್ಮಕೇಂದ್ರದ ಶಾಲಾ ಸಮಿತಿಯಲ್ಲಿ ಕುಳಿತವರಿಗೆ ಈ ಕಥೆ ಬಾಯಿಪಾಠ. ಸಂಬಳದ ಹೊರೆ ಆಡಳಿತ ಮಂಡಳಿಯ ಮೇಲೆ, ಅಲ್ಲಿಂದ ತಂದೆತಾಯಿಗಳ ಮೇಲೆ ಇಳಿಯುತ್ತದೆ. ಇರುವ ಇಬ್ಬರು ಅಕ್ಕೋರು ಐದು ತರಗತಿ ನೋಡಿಕೊಳ್ಳುತ್ತಾರೆ. ಓದು ಸೊರಗುತ್ತದೆ, ಅನುಕೂಲವಿದ್ದವರು ಮಕ್ಕಳನ್ನು ಪೇಟೆಯ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಆಮೇಲೆ ಮಕ್ಕಳೇ ಇಲ್ಲವೆಂದು ಶಾಲೆಯನ್ನು ಮುಚ್ಚುತ್ತಾರೆ.

2018ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಸುತ್ತಳತೆಯಲ್ಲಿರುವ 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಮಾತು ಬಂತು. ಸಾಹಿತಿಗಳೂ ಶಿಕ್ಷಣ ತಜ್ಞರೂ ಎದ್ದುನಿಂತು ವಿರೋಧಿಸಿದರು. ಅದಕ್ಕೂ ಮುನ್ನ 2011ರಲ್ಲಿಯೂ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಮುಚ್ಚುವ ನಿರ್ಧಾರ ಇದೇ ಬಗೆಯ ಪ್ರತಿಭಟನೆಗೆ ಕಾರಣವಾಗಿತ್ತು.

ಬೆಂಗಳೂರಿನ ನಕ್ಷೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಒಂದು ಗೆರೆ. ನಮ್ಮಲ್ಲಿ ಅದು ಆಷಾಢದಲ್ಲಿ ಉಕ್ಕುವ ಹಳ್ಳ, ಅಡಿಕೆ ಮರದ ಕಾಲುಸಂಕ, ಗದ್ದೆಯ ಹಾಳಿ, ಕೊನೆಗೆ ಲಾರಿಗಳು ಹಾರಿಬರುವ ಹೆದ್ದಾರಿ. ಆರು ವರ್ಷದ ಮಗುವನ್ನು ಆ ದಾರಿಯಲ್ಲಿ ಒಂಟಿಯಾಗಿ ಕಳುಹಿಸುವ ತಾಯಿ ಯಾರು? ಎರಡು ದಿನ ಬಿಡಿಸಿದ ಶಾಲೆ ಎಂಟು ದಿನವಾಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ಓದು ಮೊದಲು ನಿಲ್ಲುತ್ತದೆ.

ಸರಿಯಾದ ಲೆಕ್ಕ

ಈಗ ಸಾಮತಿಯ ಮನುಷ್ಯನಂತೆ ನಾವೂ ಕುಳಿತು ಲೆಕ್ಕ ಹಾಕೋಣ. 2025–26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6 ಲಕ್ಷ 81 ಸಾವಿರ ಕೋಟಿ ರೂಪಾಯಿ. ಶಿಕ್ಷಣ ಸಚಿವಾಲಯಕ್ಕೆ 1 ಲಕ್ಷ 28 ಸಾವಿರ ಕೋಟಿ. ಐದು ಪಟ್ಟಿಗೂ ಮೀರಿದ ಅಂತರ. ಇಷ್ಟನ್ನೇ ನೋಡಿದರೆ ತೋಪು ಪಾಟಿಯನ್ನು ನುಂಗಿತು ಎನಿಸುತ್ತದೆ.

ಆದರೆ ಇದು ಅರ್ಧ ಲೆಕ್ಕ. ರಕ್ಷಣೆಯ ಆ ಹಣದಲ್ಲಿ ನಾಲ್ಕನೆಯ ಒಂದಕ್ಕೆ ಹತ್ತಿರದಷ್ಟು ನಿವೃತ್ತ ಯೋಧರ ಪಿಂಚಣಿ. ಶಿಕ್ಷಣದ ಪೆಟ್ಟಿಗೆ ಇನ್ನೊಂದು ಕಡೆಯಿದೆ ಎಂದು ಆಗಲೇ ಕಂಡೆವು. ಕರ್ನಾಟಕವೊಂದೇ ಅದೇ ವರ್ಷ ಶಿಕ್ಷಣಕ್ಕೆ ಸುಮಾರು 45 ಸಾವಿರ ಕೋಟಿ ತೆಗೆದಿಟ್ಟಿತು. ಎಲ್ಲ ರಾಜ್ಯಗಳದ್ದನ್ನೂ ಕೂಡಿಸಿದರೆ ದೇಶದ ಒಟ್ಟು ಉತ್ಪನ್ನದಲ್ಲಿ ಶಿಕ್ಷಣಕ್ಕೆ ಹೋಗುವುದು, ಎಣಿಸುವ ಕ್ರಮಕ್ಕೆ ತಕ್ಕಂತೆ, ನೂರಕ್ಕೆ ಸುಮಾರು ಮೂರರಿಂದ ನಾಲ್ಕೂವರೆ. ರಕ್ಷಣೆಗೆ ಹೋಗುವುದು ಎರಡರ ಆಸುಪಾಸು. ಎಂದರೆ ದೇಶ ಬಂದೂಕಿಗಿಂತ ಪಾಟಿಗೆ ಹೆಚ್ಚು ಕೊಡುತ್ತಿದೆ. ಕೊಡುತ್ತೇನೆಂದು ಮೂರು ಸಲ ಮಾತುಕೊಟ್ಟ ಆರನ್ನು ಮಾತ್ರ ಕೊಟ್ಟಿಲ್ಲ.

ಹಾಗಾದರೆ ಅಂಗಡಿ ಜಗಲಿಯ ಸಿಟ್ಟು ಸುಳ್ಳೇ? ಅಲ್ಲ. ಅದರ ಗುರಿ ಮಾತ್ರ ಸ್ವಲ್ಪ ತಪ್ಪಿದೆ. ಹಡಗಿಗೆ ಬೇಕಾದ ಹಣವನ್ನು ಕೇಳಲು ದೊಡ್ಡ ಕಚೇರಿಗಳಿವೆ, ಎದುರಿಗೆ ಶತ್ರುವಿದ್ದಾನೆ, ಗಡುವಿದೆ. ಮುಚ್ಚುವ ಕನ್ನಡ ಶಾಲೆಗಾಗಿ ಕೇಳುವವರು ಯಾರು? ದಿಲ್ಲಿ ಅದು ಬೆಂಗಳೂರಿನ ಕೆಲಸ ಎನ್ನುತ್ತದೆ. ಬೆಂಗಳೂರು ದಿಲ್ಲಿಯಿಂದ ಪಾಲು ಬಂದಿಲ್ಲ ಎನ್ನುತ್ತದೆ. 1921ರ ಎರಡು ಪೆಟ್ಟಿಗೆಗಳ ನಡುವೆ ಮಗುವಿನ ಪಾಟಿ ಬಿದ್ದುಹೋಗುತ್ತದೆ. 2004ರಿಂದ ನಾವು ತೆರಿಗೆಯ ಮೇಲೆ ಶಿಕ್ಷಣದ ಹೆಸರಿನಲ್ಲೇ ಇನ್ನೊಂದು ತೆರಿಗೆ ಕೊಡುತ್ತ ಬಂದಿದ್ದೇವೆ. ಕೊಟ್ಟವರು ಕೇಳುವುದನ್ನು ಮರೆತಿದ್ದೇವೆ.

1948ರಲ್ಲಿ ಕೋಸ್ಟರಿಕಾ ಎಂಬ ಪುಟ್ಟ ದೇಶ ಸೈನ್ಯವನ್ನೇ ರದ್ದುಮಾಡಿ, ಆ ಹಣವನ್ನು ಶಾಲೆ ಆಸ್ಪತ್ರೆಗಳಿಗೆ ತಿರುಗಿಸಿತು. ನಮ್ಮ ಗಡಿಗಳನ್ನು ಬಲ್ಲವರು ಭಾರತಕ್ಕೆ ಆ ದಾರಿಯನ್ನು ಹೇಳಲಾರರು. ಆದರೆ ಸಾಮತಿಯ ಅರಸ ಮಾಡಿದ ಇನ್ನೊಂದು ಕೆಲಸವನ್ನು ನಾವು ಮರೆಯಬಾರದು: ಅವನು ಸಂಧಾನಕ್ಕೂ ದೂತರನ್ನು ಕಳುಹಿಸಿದ. ನೆರೆಯವರೊಂದಿಗೆ ಮಾತುಕತೆ ನಡೆದ ಪ್ರತಿ ದಿನವೂ ಶಾಲೆಗೆ ಒಂದು ದಿನದ ಉಳಿತಾಯವೇ.

ನಾವು ಕೇಳಬೇಕಾದದ್ದು

ಗೋಖಲೆಯವರು ಅಂಕಿಗಳನ್ನು ಹಿಡಿದು ಕೇಳಿದರು. ದಿನಕರ ದೇಸಾಯಿಯವರು ಕೇಳಿದರು, ಜೊತೆಗೆ ಕಟ್ಟಿದರು. ಬರೀ ಗೊಣಗಿದವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ.

ನಮ್ಮ ಕೈಯಲ್ಲಿ ಅವರಿಗಿಲ್ಲದ ಕೆಲವು ಸಾಧನಗಳಿವೆ. 2001ರಿಂದ ಪ್ರತಿ ಸರಕಾರಿ ಶಾಲೆಗೂ ತಂದೆತಾಯಿಗಳೇ ಕೂಡಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿನ ಓದು ಸರಕಾರದ ದಯೆಯಲ್ಲ, ಮಗುವಿನ ಹಕ್ಕು. ಗ್ರಾಮಸಭೆ ಇದೆ. ನಮ್ಮ ಶಾಲೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಎಂದಿನಿಂದ ಖಾಲಿ ಎಂಬ ಮೂರು ಸಾಲನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿದರೆ ಅದೇ ನಮ್ಮ ಬಜೆಟ್ ಭಾಷಣ. ಶಾಸಕರೂ ಸಂಸದರೂ ಮತ ಕೇಳಲು ಬಂದಾಗ ಅದೇ ಹಾಳೆಯನ್ನು ಇಬ್ಬರ ಕೈಗೂ ಕೊಡೋಣ. ಆಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಆಗದು.

ಇದು ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಬೇಧವಿಲ್ಲದ ಕೆಲಸ. ಖಾಲಿ ಹುದ್ದೆಯಿಂದ ಎಲ್ಲರ ಮಕ್ಕಳೂ ಸಮನಾಗಿ ನಷ್ಟಪಡುತ್ತಾರೆ. ನಮ್ಮ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಾರಲ್ಲ, ನಮಗೇಕೆ ಎಂಬ ಮಾತು ಕ್ರೈಸ್ತ ಮನೆಯಲ್ಲಿ ಕೇಳಿಬರಬಾರದು. ನೆರೆಯವನ ಮಗುವಿನ ಪಾಟಿ ಒಡೆದರೆ ಆ ಚೂರು ನಾಳೆ ನಮ್ಮ ಅಂಗಳದಲ್ಲೂ ಕಾಲಿಗೆ ಚುಚ್ಚುತ್ತದೆ.

ಈ ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆಯ ಮುಂದೆ ಅರ್ಪಿಸುತ್ತಾರೆ. ಪ್ರಭುವಿಗೆ ನಡೆಯಲು, ಮಾತನಾಡಲು, ಪ್ರಾರ್ಥಿಸಲು ಕಲಿಸಿದ ಮೊದಲ ಶಿಕ್ಷಕಿ ಅವರೇ. ಹಬ್ಬದ ಊಟ ಮುಗಿದ ಮೇಲೆ ಮನೆಯ ಹಿರಿಯರೂ ಮಕ್ಕಳೂ ಒಂದರ್ಧ ಗಂಟೆ ಒಟ್ಟಿಗೆ ಕುಳಿತುಕೊಳ್ಳೋಣ. ಊರಿನ ಶಾಲೆಯ ಲೆಕ್ಕವನ್ನು ಬರೆಯೋಣ. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯತದಲ್ಲಿ ವಿಚಾರಿಸಿ, ಆ ದಿನ ತಪ್ಪದೆ ಹೋಗೋಣ.